ಶಾಲಿಗೆ ದುಡ್ಡಿದೆ, ಚಹಾಕ್ಕಿಲ್ಲ

ಮುಂಬೈ ಕನ್ನಡಿಗರ ಕೊಡುಗೈ ಎಂಥದ್ದೆಂದು ತಿಳಿಯಬೇಕಾದರೆ ಇಲ್ಲಿಯ ಸಂಘಗಳ ಆಮಂತ್ರಣ ಪತ್ರಿಕೆಗಳನ್ನು ಓದಬೇಕು. ತಂದೆತಾಯಿಯ ನೆನಪಿಗೆ ಒಂದು ದತ್ತಿ, ಓದಿಸಿದ ಮಾವನ ಹೆಸರಿಗೆ ಒಂದು, ಅಕಾಲದಲ್ಲಿ ಹೋದ ಮಗನ ಹೆಸರಿಗೆ ಇನ್ನೊಂದು. ಹೋಟೆಲಿನ ಗಲ್ಲಾದಲ್ಲಿ ಕೂತು, ಬ್ಯಾಂಕಿನ ಕೌಂಟರಿನಲ್ಲಿ ದುಡಿದು ಉಳಿಸಿದ ಹಣ ಠೇವಣಿಯಾಗುತ್ತದೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಇಂಥ ದತ್ತಿಗಳು ಸಾವಿರಕ್ಕೂ ಮಿಕ್ಕಿವೆ. ಸರಕಾರದ ಫೆಲೋಶಿಪ್ಪನ್ನು ಬದಿಗಿಟ್ಟರೆ, ಕನ್ನಡದ ಅಧ್ಯಯನಕ್ಕೆ ಸಮಾಜ ತಾನಾಗಿ ಕೊಡುವ ಸಣ್ಣ ಹಣ ಬಹುಮಟ್ಟಿಗೆ ಈ ದಾರಿಯಲ್ಲೇ ಬರುತ್ತದೆ. ಹಾಗಾಗಿ ಒಂದು ಪುಸ್ತಕವನ್ನು ಕೇಳುವ ಪ್ರಶ್ನೆಗಳನ್ನೇ ಈ ಪದ್ಧತಿಗೂ ಕೇಳಬಹುದು. ಏನು ಮಾಡಲು ಹೊರಟಿತು, ಎಷ್ಟು ಮಾಡಿತು, ಯಾರಿಗೆ ಒದಗಿತು, ಯಾರನ್ನು ಹೊರಗೆ ಕೂರಿಸಿತು?

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದತ್ತಿ ವೇದಿಕೆಯನ್ನು ಚೆನ್ನಾಗಿ ಸಾಕಿದೆ. ಸಂಶೋಧನೆ ಮಾಡುತ್ತಿರುವವರ ಒಡನಾಟವನ್ನು ಸಾಕಿಲ್ಲ. ಹಣ ಸಾಲದ್ದರಿಂದ ಹೀಗಾಯಿತೆಂದು ನನಗನ್ನಿಸುವುದಿಲ್ಲ. ಆ ಹಣ ಯಾರ ಕೈಗೆ ಹೋಗುತ್ತದೆ, ಯಾವ ಬಿಲ್ಲು ಪಾಸಾಗುತ್ತದೆ ಎಂಬಲ್ಲಿ ಗಂಟಿದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಮಾಟುಂಗಾದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. ಅದರ ಬಂಗಾರದ ಹಬ್ಬದ ಹೆಸರಿನಲ್ಲಿ, ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಜೊತೆಗೂಡಿ ನಡೆದುಬಂದ ದತ್ತಿ ಉಪನ್ಯಾಸ ಮಾಲೆ ಕರ್ನಾಟಕದ ವಿದ್ವಾಂಸರನ್ನು ಈ ಊರಿಗೆ ಕರೆತಂದಿತು. ಅವರ ಮಾತು ಪುಸ್ತಕಗಳಾಗಿ ಉಳಿಯಿತು. 1933ರ ಕರ್ನಾಟಕ ಸಂಘವೂ ಇಂಥ ಕೆಲಸಕ್ಕೆ ಜಾಗ ಕೊಟ್ಟಿದೆ. ಊರಿನಿಂದ ಸಾವಿರ ಕಿಲೋಮೀಟರ್ ದೂರ ಇದ್ದವರಿಗೆ ಹಳಗನ್ನಡದ ಬಗ್ಗೆ ತಿಳಿದವರ ಬಾಯಿಂದಲೇ ಕೇಳುವ ಭಾಗ್ಯ ಸಣ್ಣದಲ್ಲ. ಉಪನ್ಯಾಸವನ್ನು ಪುಸ್ತಕ ಮಾಡಬೇಕೆಂಬ ಕರಾರು ಇರುವ ಕಡೆ ದತ್ತಿ ತನ್ನ ಅತ್ಯುತ್ತಮ ರೂಪದಲ್ಲಿದೆ. ಮಾತಾಡುವವರು ಸಿದ್ಧರಾಗಿ ಬರುತ್ತಾರೆ. ಕರಾರಿಲ್ಲದ ಕಡೆ ಏನಾಗುತ್ತದೆ ಎಂಬುದು ಸಭೆಗೆ ಹೋಗಿ ಬಂದವರಿಗೆಲ್ಲ ಗೊತ್ತು.

ಕನ್ನಡದ ಉನ್ನತ ವ್ಯಾಸಂಗಕ್ಕೂ ಈ ಊರಿಗೂ ಇರುವ ನಂಟು ಹಳೆಯದು. ಧಾರವಾಡ, ಬೆಳಗಾವಿ, ಕಾರವಾರಗಳ ಕಡೆಯವರಿಗೆ 1857ರ ಮುಂಬೈ ವಿಶ್ವವಿದ್ಯಾಲಯವೇ ಬಹುಕಾಲ ವಿಶ್ವವಿದ್ಯಾಲಯವಾಗಿತ್ತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯನ್ನು 1939ರಲ್ಲಿ ತೆರೆದದ್ದು ಮುಂಬೈ ಸರಕಾರ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬೈಯಲ್ಲೇ ಶುರುವಾಗಿ ಮರುವರ್ಷ ಧಾರವಾಡಕ್ಕೆ ಹೋಯಿತು. ಮುಂಬೈ ವಿಶ್ವವಿದ್ಯಾಲಯಕ್ಕೆ ತನ್ನದೇ ಕನ್ನಡ ವಿಭಾಗ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರರು ಆರಂಭದ ದಿನಗಳಲ್ಲಿ ಅದನ್ನು ನಡೆಸಿದರು. ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು. ಹಳೆಯ ಪತ್ರಿಕೆಯ ಒಂದು ಸಂಚಿಕೆಗಾಗಿ ಊರೂರು ತಿರುಗುವುದು, ಯಾರ ಅಟ್ಟದಲ್ಲಿ ಏನಿದೆ ಎಂದು ನೆನಪಿಟ್ಟುಕೊಳ್ಳುವುದು, ಕೇಳಿದವರಿಗೆ ಹೇಳುವುದು, ಇದೆಲ್ಲ ಸಂಶೋಧನೆಯ ಕೆಲಸವೇ ಎಂದು ಅವರ ತಲೆಮಾರಿಗೆ ಬೇರೆ ಹೇಳಿಕೊಡಬೇಕಾಗಿರಲಿಲ್ಲ.

ಈಗ ಈ ವಿಭಾಗವಿರುವ ಕಲೀನಾದ ರಾನಡೆ ಭವನವನ್ನು ದೂರದ ಉಪನಗರ ಮಲಾಡಿನಿಂದ ನೋಡೋಣ. ಮುಂಬೈಯಲ್ಲಿ ಕನ್ನಡ ಸಂಶೋಧನೆಗೆ ಬರುವವರಲ್ಲಿ ಪೂರ್ಣಾವಧಿಯ, ಹಾಸ್ಟೆಲಿನಲ್ಲಿರುವ, ಇಪ್ಪತ್ತೈದರ ತರುಣರು ಸಿಗುವುದು ಕಡಿಮೆ. ಶಾಲೆಯಲ್ಲಿ ಪಾಠ ಹೇಳಿ ಬರುವವರು, ಆಫೀಸು ಮುಗಿಸಿ ಬರುವವರು, ಮಕ್ಕಳು ದೊಡ್ಡವರಾದ ಮೇಲೆ ಬಿಟ್ಟ ಓದನ್ನು ಮತ್ತೆ ಹಿಡಿದ ಹೆಂಗಸರು, ನಿವೃತ್ತರು. ಕುರಾರಿನಿಂದಲೋ ಲಿಬರ್ಟಿ ಗಾರ್ಡನಿನಿಂದಲೋ ಹೊರಟವರು ಮಲಾಡ್ ಸ್ಟೇಶನ್ನಿಗೆ ಬಂದು, ಗೋರೆಗಾಂವ್, ರಾಮ್ ಮಂದಿರ್, ಜೋಗೇಶ್ವರಿ, ಅಂಧೇರಿ, ಪಾರ್ಲೆ ದಾಟಿ, ಸಾಂತಾಕ್ರೂಜಿನಲ್ಲಿ ಇಳಿದು, ಪೂರ್ವಕ್ಕೆ ಬಸ್ಸೋ ರಿಕ್ಷಾವೋ ಹಿಡಿಯಬೇಕು. ಟಿಕೆಟಿನ ದುಡ್ಡು ದೊಡ್ಡದಲ್ಲ. ಹೋಗಿಬರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಗೈಡಿನ ಸಹಿ ಬೇಕು, ಗ್ರಂಥಾಲಯದಲ್ಲಿ ಒಂದು ಪುಸ್ತಕ ನೋಡಬೇಕು. ಎರಡೂ ಆದ ಮೇಲೆ ವಾಪಸ್ ರೈಲು. ಅದೇ ವಿಭಾಗದಲ್ಲಿ ಅದೇ ಹೊತ್ತಿಗೆ ಪಿಎಚ್‌ಡಿ ಮಾಡುತ್ತಿರುವ ಇನ್ನೊಬ್ಬರ ಮುಖ ಪರಿಚಯವಾಗದೇ ವರ್ಷಗಳು ಕಳೆಯಬಹುದು. ಮುಖ ಕಂಡರೂ ‘ನಿಮ್ಮದು ಎಲ್ಲಿಗೆ ಬಂತು?’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಮೊದಲು ಎಂ.ಫಿಲ್. ಇತ್ತು. ಅದರ ಗುಣಮಟ್ಟದ ಬಗ್ಗೆ ತಕರಾರು ಏನೇ ಇರಲಿ, ಹತ್ತಾರು ಜನ ಒಂದೇ ಕೋಣೆಯಲ್ಲಿ ಕೂತು, ಒಂದೇ ಪರೀಕ್ಷೆಗೆ ಹೆದರಿ, ಒಂದೇ ಟಿಪ್ಪಣಿಯನ್ನು ಝೆರಾಕ್ಸ್ ಮಾಡಿಕೊಳ್ಳುವ ಅವಕಾಶ ಅಲ್ಲಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಕೈಬಿಟ್ಟಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಬಾಗಿಲು ಹಾಕಿತು. ಅದೇ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೆ ಹಾದಿಯನ್ನು ತೆರೆದೇ ಇಟ್ಟದ್ದು ಮುಂಬೈಯಂಥ ಊರಿಗೆ ಒಳ್ಳೆಯದೇ. ಆದರೆ ಒಟ್ಟಿಗೆ ಕೂರುವ ಜಾಗ ಹೋಯಿತು, ಒಂಟಿಯಾಗಿ ಓದುವವರು ಉಳಿದರು. ಕೋರ್ಸ್‌ವರ್ಕ್ ಇದೆ ನಿಜ; ಅದು ಮುಗಿದ ಮರುದಿನ ಎಲ್ಲರೂ ಅವರವರ ಉಪನಗರಕ್ಕೆ.

ಹಣದ ಲೆಕ್ಕ ಬೇಡವೆಂದರೂ ಬರುತ್ತದೆ. ಜೆಆರ್‌ಎಫ್ ಎಂಬ ಸರಕಾರದ ಫೆಲೋಶಿಪ್ ಗಿಟ್ಟಿಸಿಕೊಂಡವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಮಾನವಿಕ ವಿಷಯಗಳಿಗೆ ಮೊದಲ ಎರಡು ವರ್ಷ ವಾರ್ಷಿಕ 10,000 ರೂಪಾಯಿ ಸಾದಿಲ್ವಾರು, ಆಮೇಲೆ 20,500. ಅರೆಕಾಲಿಕರಿಗೆ ಅದೂ ಇಲ್ಲ. ಆ ಸಾದಿಲ್ವಾರು ಹಣವೂ ಒಬ್ಬೊಬ್ಬರ ಖಾತೆಗೆ, ಒಬ್ಬೊಬ್ಬರ ಪುಸ್ತಕ ಮತ್ತು ಪ್ರವಾಸಕ್ಕೆ. ನಾಲ್ಕು ಜನ ಸೇರಿ ಏನಾದರೂ ಮಾಡುತ್ತೇವೆ ಎಂದರೆ ಯಾವ ಕಲಮಿನಲ್ಲೂ ಅದಕ್ಕೆ ಜಾಗವಿಲ್ಲ.

ಹಾಗಾದರೆ ನಾಲ್ಕು ಜನ ಸೇರುವ ಸಂದರ್ಭಗಳು ಯಾವುವು? ಒಂದು, ದತ್ತಿ ಉಪನ್ಯಾಸ. ಅದರ ರೂಪರೇಷೆ ಎಲ್ಲರಿಗೂ ಬಾಯಿಪಾಠ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದತ್ತಿದಾನಿಗಳ ಪರಿಚಯ, ಅತಿಥಿಗಳ ಪರಿಚಯ, ಶಾಲು, ಹಾರ, ಸ್ಮರಣಿಕೆ, ಫೋಟೊ. ಉಪನ್ಯಾಸಕ್ಕೆ ಉಳಿಯುವುದು ಮುಕ್ಕಾಲು ತಾಸು, ಆಗಲೂ ಅಧ್ಯಕ್ಷರ ಕಣ್ಣು ಗಡಿಯಾರದ ಮೇಲೆ. ಸಂಶೋಧನ ವಿದ್ಯಾರ್ಥಿಗಳಿಗೆ ಇಲ್ಲಿ ಮೂರು ಪಾತ್ರಗಳು: ಪ್ರಾರ್ಥನೆ ಹಾಡುವುದು, ನಿರೂಪಣೆ ಮಾಡುವುದು, ಕುರ್ಚಿ ತುಂಬುವುದು. ಪ್ರಶ್ನೆಗೆ ಸಮಯವಿಲ್ಲ, ಇದ್ದರೂ ಗೈಡಿನ ಎದುರು, ದಾನಿಗಳ ಎದುರು, ಊರಿಂದ ಬಂದ ದೊಡ್ಡವರ ಮಾತಿಗೆ ಅಡ್ಡ ಕೇಳುವ ಧೈರ್ಯ ಎಷ್ಟು ಜನಕ್ಕಿದೆ? ಇದು ಯಾವುದೋ ಒಂದು ವಿಭಾಗದ ದೋಷವೆಂದು ಹೇಳುತ್ತಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಎಲ್ಲ ಕಡೆಯೂ ದತ್ತಿಯ ಸಭೆ ಹೀಗೇ ಇರುತ್ತದೆ.

ದತ್ತಿಯ ಇನ್ನೊಂದು ಸಂಕಟ ಬಡ್ಡಿಯದು. ತೊಂಬತ್ತರ ದಶಕದ ನಡುವೆ ಯಾರಾದರೂ 25,000 ರೂಪಾಯಿ ಇಟ್ಟಿದ್ದರೆ ಆಗಿನ ಹನ್ನೆರಡು ಶೇಕಡಾ ಬಡ್ಡಿಗೆ ವರ್ಷಕ್ಕೆ 3,000 ಬರುತ್ತಿತ್ತು. ಇಂದು ಏಳು ಶೇಕಡಾ ಹಿಡಿದರೆ 1,750. ಆಗಿನ ಮೂರು ಸಾವಿರಕ್ಕೆ ಅತಿಥಿಯ ರೈಲಿನ ಖರ್ಚೂ ಸಂಭಾವನೆಯೂ ಸರಿಹೋಗುತ್ತಿತ್ತು. ಈಗಿನದು ಶಾಲು, ಹಾರ, ಬ್ಯಾನರಿಗೆ ಮುಗಿಯುತ್ತದೆ. ಬಡ್ಡಿ ಕರಗಿದಾಗ ಮೊದಲು ಬಿದ್ದುಹೋದದ್ದು ಪುಸ್ತಕ, ಆಮೇಲೆ ದೂರದ ವಿದ್ವಾಂಸ, ಉಳಿದದ್ದು ಶಾಲು. ಯಾಕೆ ಅದೇ ಉಳಿಯಿತು ಎಂಬುದನ್ನು ಯೋಚಿಸಬೇಕು. ದಾನಿಯ ಪಾಲಿಗೆ, ಫೋಟೊದಲ್ಲಿ ಕಾಣುವುದು ಅದೊಂದೇ.

ಎರಡನೆಯದು ವಿಚಾರ ಸಂಕಿರಣ. ಯುಜಿಸಿಯ 2016ರ ನಿಯಮದಂತೆ ಮಹಾಪ್ರಬಂಧ ಸಲ್ಲಿಸುವ ಮೊದಲು ಎರಡು ಕಡೆ ಪ್ರಬಂಧ ಮಂಡಿಸಿರಬೇಕಿತ್ತು, ಒಂದು ಲೇಖನ ಪ್ರಕಟವಾಗಿರಬೇಕಿತ್ತು. ಸಂಶೋಧಕರು ಪರಸ್ಪರ ಮಾತಾಡಲಿ ಎಂಬುದೇ ಅದರ ಆಶಯವಾಗಿದ್ದಿರಬೇಕು. ಆದದ್ದು ಬೇರೆ: ನೋಂದಣಿ ಶುಲ್ಕ, ಏಕಕಾಲಕ್ಕೆ ನಾಲ್ಕು ಗೋಷ್ಠಿ, ಒಬ್ಬೊಬ್ಬರಿಗೆ ಐದು ನಿಮಿಷ, ಸಂಜೆ ಸರ್ಟಿಫಿಕೇಟ್, ತಿಂಗಳಾದ ಮೇಲೆ ಐಎಸ್‌ಬಿಎನ್ ಹೊತ್ತ ದಪ್ಪ ಪುಸ್ತಕ. ತನ್ನ ಪ್ರಬಂಧ ಓದಿ ಮುಗಿಸಿದವರು ಪಕ್ಕದವರ ಪ್ರಬಂಧ ಕೇಳದೆ ಸರ್ಟಿಫಿಕೇಟಿನ ಸಾಲಿನಲ್ಲಿ ನಿಲ್ಲುವುದನ್ನು ಯಾವ ಕಾಲೇಜಿನಲ್ಲೂ ಕಾಣಬಹುದು. 2022ರಲ್ಲಿ ಈ ಕಡ್ಡಾಯ ಹೋಯಿತು. ಚಟ ಹೋಗಿಲ್ಲ.

ಮೂರನೆಯದು ಮಹಾರಾಷ್ಟ್ರದವರಿಗೆ ಚೆನ್ನಾಗಿ ಗೊತ್ತಿರುವ ‘ಆವಿಷ್ಕಾರ’. ಎಸ್.ಎಂ. ಕೃಷ್ಣ ಇಲ್ಲಿಯ ರಾಜ್ಯಪಾಲರೂ ವಿಶ್ವವಿದ್ಯಾಲಯಗಳ ಕುಲಾಧಿಪತಿಯೂ ಆಗಿದ್ದ 2006ರಲ್ಲಿ ಶುರುವಾದ ಅಂತರ ವಿಶ್ವವಿದ್ಯಾಲಯ ಸಂಶೋಧನ ಸ್ಪರ್ಧೆ. ಭಾಷೆ ಮತ್ತು ಮಾನವಿಕಗಳಿಗೂ ಒಂದು ವಿಭಾಗವಿದೆ. ಪದವಿ, ಸ್ನಾತಕೋತ್ತರ, ಅದಕ್ಕೂ ಮೇಲಿನವರೆಂದು ಹಂತಗಳಿವೆ. ಪೋಸ್ಟರ್ ಮಾಡು, ತೀರ್ಪುಗಾರರಿಗೆ ವಿವರಿಸು, ಗೆದ್ದರೆ ಮುಂದಿನ ಸುತ್ತು. ವಿಜ್ಞಾನದವರಿಗೆ ಇದು ಹುರುಪು ಕೊಟ್ಟಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ಪರ್ಧೆಯಲ್ಲಿ ಪಕ್ಕದ ಪೋಸ್ಟರಿನವರು ಎದುರಾಳಿ. ವಚನಕಾರ್ತಿಯರ ಕುರಿತು ನಾಲ್ಕು ವರ್ಷ ಓದಿದ್ದನ್ನು ಒಂದು ಹಾಳೆಯ ಮೇಲೆ ಬಾಣಗಳ ಚಿತ್ರವಾಗಿ ಬರೆಯಬೇಕಾದ ಪಾಡಂತೂ ಬೇರೆಯೇ ಮಾತು.

ಹೊರಗಿನ ಲೋಕದಲ್ಲಿ ಇದೇ ಕೊರತೆಗೆ ಬೇರೆ ಮದ್ದು ಹುಡುಕಿದವರಿದ್ದಾರೆ. ಅಮೆರಿಕದಲ್ಲಿ ಪಿಎಚ್‌ಡಿ ಶಿಕ್ಷಣದ ಬಗ್ಗೆ ಕಾರ್ನೆಗಿ ಪ್ರತಿಷ್ಠಾನ 2001ರಿಂದ ಐದು ವರ್ಷ ಕೆಲಸ ಮಾಡಿ, 2008ರಲ್ಲಿ ‘ದ ಫಾರ್ಮೇಶನ್ ಆಫ್ ಸ್ಕಾಲರ್ಸ್’ ಎಂಬ ಪುಸ್ತಕ ತಂದಿತು. ವಿಭಾಗದೊಳಗೆ ಬೌದ್ಧಿಕ ಒಡನಾಟ ಇಲ್ಲದಿದ್ದರೆ ವಿದ್ವಾಂಸರು ತಯಾರಾಗುವುದಿಲ್ಲ ಎಂಬ ಮಾತಿಗೆ ಅದು ಒಂದು ಅಧ್ಯಾಯವನ್ನೇ ಕೊಟ್ಟಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಸ್ಪೈಸ್’ ಎಂಬ ಹೆಸರಿನ ಯೋಜನೆಯಿದೆ. ಸಂಶೋಧನ ವಿದ್ಯಾರ್ಥಿಗಳೇ ಯೋಚಿಸಿ, ಅವರೇ ಅರ್ಜಿ ಹಾಕಿ, ಅವರೇ ನಡೆಸುವ ಓದಿನ ಕೂಟ, ಬರವಣಿಗೆಯ ಬೈಠಕ್, ಮಾತುಕತೆಗಳಿಗೆ ಸಣ್ಣ ಅನುದಾನ. ಇಂಥ ಯೋಜನೆಗಳ ಜಾಣತನ ಅವುಗಳ ಮೊತ್ತದಲ್ಲಿಲ್ಲ. ತಿಂಡಿಯ ಖರ್ಚನ್ನು ಓದಿನ ಖರ್ಚೆಂದು ಒಪ್ಪುವ ದೊಡ್ಡ ಮನಸ್ಸಿನಲ್ಲಿದೆ. ಆದರೆ ಅದನ್ನು ಹಾಗೆಯೇ ಎತ್ತಿ ಕಲೀನಾದಲ್ಲಿ ಇಳಿಸಿದರೆ ಹಿಡಿಯುವುದಿಲ್ಲ. ಅಲ್ಲಿ ಬಹುಪಾಲು ಜನ ಒಂದೇ ಆವರಣದಲ್ಲಿ ವಾಸಿಸುವವರು, ತಿಂಗಳ ಸಂಬಳ ಪಡೆಯುವವರು. ಸಂಜೆ ಏಳಕ್ಕೆ ಕೂಟ ಎಂದರೆ ನಡೆದು ಬರುತ್ತಾರೆ. ಇಲ್ಲಿ ಸಂಜೆ ಏಳಕ್ಕೆ ವಿರಾರ್ ಲೋಕಲ್ಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹಾಗಾಗಿ ಮುಂಬೈಯ ಕೂಟ ಕಲೀನಾದಲ್ಲಿ ಆಗಬೇಕಿಲ್ಲ. ಮಲಾಡ್, ಗೋರೆಗಾಂವ್, ಕಾಂದಿವಲಿ, ಬೋರಿವಲಿಯ ಏಳು ಜನ ಮಲಾಡಿನ ಯಾರದೋ ಸೊಸೈಟಿಯ ಆಫೀಸು ಕೋಣೆಯಲ್ಲೋ ಕನ್ನಡ ಸಂಘವೊಂದರ ಜಾಗದಲ್ಲೋ ತಿಂಗಳಿಗೊಂದು ಭಾನುವಾರ ಸೇರುತ್ತಾರೆ ಎಂದುಕೊಳ್ಳಿ. ದುರಸ್ತಿಗೆಂದು ರೈಲು ನಿಲ್ಲಿಸಿದ ಭಾನುವಾರವಾದರೂ ಅಷ್ಟು ದೂರವನ್ನು ರಿಕ್ಷಾದಲ್ಲೋ ಮೆಟ್ರೋದಲ್ಲೋ ಸುಧಾರಿಸಬಹುದು. ಒಬ್ಬರು ತಮ್ಮ ಅಧ್ಯಾಯದ ನಲವತ್ತು ಪುಟದ ಕರಡು ತರುತ್ತಾರೆ. ಏಳು ಪ್ರತಿ, 280 ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 560. ಚಹಾ, ಬಟಾಟೆ ವಡೆಗೆ ತಲೆಗೆ ಐವತ್ತರಂತೆ 350. ಕತ್ತಲಾದ ಮೇಲೆ ದೂರ ಹೋಗಬೇಕಾದ ಇಬ್ಬರಿಗೆ ರಿಕ್ಷಾಕ್ಕೆಂದು 300. ಒಟ್ಟು 1,210. ಮಳೆಗಾಲದ ಎರಡು ತಿಂಗಳು ಬಿಟ್ಟು ಹತ್ತು ಸಲ ಸೇರಿದರೆ 12,100. ಎರಡು ಲಕ್ಷದ ಒಂದು ದತ್ತಿ ಏಳು ಶೇಕಡಾ ಬಡ್ಡಿಯಲ್ಲಿ ವರ್ಷಕ್ಕೆ 14,000 ತರುತ್ತದೆ. ಮಿಕ್ಕ 1,900ಕ್ಕೆ ಯಾವುದಾದರೂ ಹಳೆಯ ಮಾಸಿಕದ ಒಂದು ಸಂಪುಟವನ್ನು ಸ್ಕ್ಯಾನ್ ಮಾಡಿಸಬಹುದು.

ಆ ಕೋಣೆಯಲ್ಲಿ ಏನು ನಡೆಯುತ್ತದೆ? ಹಾಗೆ ಕೇಳುವ ದಾನಿಗೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ಬ್ಯಾನರಿನ ಮೇಲೆ ಬರೆಯುವಂಥದ್ದು ಏನೂ ನಡೆಯುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಮೇಲೆ ಒಬ್ಬರು ಕೆಲಸ ಮಾಡುತ್ತಿದ್ದಾರೆ ಎನ್ನಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರನ್ನು ಮೆಟ್ರಿಕ್ ದಾಟಿಸಿದ ಶಾಲೆಗಳವು. ಅವುಗಳ ದಾಖಲೆಗಳು ಯಾವ ಪತ್ರಾಗಾರದಲ್ಲೂ ಒಟ್ಟಾಗಿ ಇಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಮಾಜಗಳ ಹಳೆಯ ವರದಿಗಳಲ್ಲಿ, ‘ಮೊಗವೀರ’ ಮಾಸಿಕದ ಪುಟಗಳಲ್ಲಿ, ಜಾತಿ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಕಲಿತವರ ಬಾಯಲ್ಲಿ ಹರಡಿಕೊಂಡಿವೆ. ಗೈಡಿಗೆ ಇದೆಲ್ಲ ತಿಳಿದಿರಬೇಕೆಂದಿಲ್ಲ. ಆದರೆ ಕೋಣೆಯಲ್ಲಿ ಕೂತ ಏಳು ಜನರಲ್ಲಿ ಒಬ್ಬರ ಮಾವ ಅದೇ ಶಾಲೆಯಲ್ಲಿ ಕಲಿತಿರುತ್ತಾರೆ. ಇನ್ನೊಬ್ಬರು ಹೋಟೆಲ್ ಕಾರ್ಮಿಕರ ಕತೆಗಳ ಮೇಲೆ ಬರೆಯುವಾಗ ಯಾವುದೋ ಸಂಚಿಕೆಯನ್ನು ನೋಡಿರುತ್ತಾರೆ. ಮತ್ತೊಬ್ಬರು ‘ನೀವು ಹುಡುಗರ ಬಗ್ಗೆಯೇ ಬರೆದಿದ್ದೀರಿ, ಹೆಣ್ಣುಮಕ್ಕಳು ಎಲ್ಲಿ ಕಲಿಯುತ್ತಿದ್ದರು?’ ಎಂದು ಕೇಳುತ್ತಾರೆ. ಈ ಮೂರನೆಯ ಪ್ರಶ್ನೆಯನ್ನು ವೈವಾದ ದಿನ ಹೊರಗಿನ ಪರೀಕ್ಷಕರು ಕೇಳಿದರೆ ಬೆವರು. ಮಲಾಡಿನ ಕೋಣೆಯಲ್ಲಿ ಎರಡು ವರ್ಷ ಮೊದಲೇ ಕೇಳಿದರೆ ಹೊಸ ಅಧ್ಯಾಯ. ಯಶವಂತ ಚಿತ್ತಾಲರ ಮುಂಬೈ, ವ್ಯಾಸರಾಯ ಬಲ್ಲಾಳರ ಮುಂಬೈ, ಜಯಂತ ಕಾಯ್ಕಿಣಿಯವರ ಮುಂಬೈ ಎಂದು ಬೇರೆಬೇರೆ ಮಹಾಪ್ರಬಂಧಗಳಾಗಬಹುದಾದ ವಿಷಯಗಳನ್ನು ಬರೆಯುವವರು ಒಬ್ಬರನ್ನೊಬ್ಬರು ಓದಿದ್ದರೆ ಮೂರರಲ್ಲೂ ಒಂದೇ ಪೀಠಿಕೆ ಇರುತ್ತಿರಲಿಲ್ಲ.

ವಿದ್ಯಾರ್ಥಿಗಳ ಕೂಟದಿಂದ ದೊಡ್ಡ ಕೆಲಸವಾಗಬಲ್ಲದು ಎಂಬುದಕ್ಕೆ ಕನ್ನಡದಲ್ಲೇ ದೃಷ್ಟಾಂತವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಶುರುಮಾಡಿತು, ಅದರ ಹಿಂದೆ ಎ.ಆರ್. ಕೃಷ್ಣಶಾಸ್ತ್ರಿಗಳಿದ್ದರು. ಆಮೇಲೆ ಅದು ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಗಿ ಬೆಳೆಯಿತು. ಮುಂಬೈಯಲ್ಲಿಯೇ ಬೇರೆ ಜಾತಿಯ ದೃಷ್ಟಾಂತ ಬೇಕಿದ್ದರೆ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆ 2009ರಿಂದ ನಡೆಸುತ್ತಿರುವ ‘ಚಾಯ್ ಆ್ಯಂಡ್ ವೈ?’ ಇದೆ. ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ ಭಾನುವಾರ ಬೆಳಿಗ್ಗೆ ವಿಜ್ಞಾನಿ ಮಾತಾಡುತ್ತಾರೆ, ಯಾರು ಬೇಕಾದರೂ ಕೇಳಬಹುದು, ಅಡ್ಡ ಪ್ರಶ್ನೆ ಹಾಕಬಹುದು. ಅದು ಜನರಿಗಾಗಿ ಇರುವ ಕಾರ್ಯಕ್ರಮ, ಸಂಶೋಧಕರ ಕೂಟವಲ್ಲ. ಆದರೂ ಚಹಾವನ್ನು ಹೆಸರಿನಲ್ಲೇ ಇಟ್ಟುಕೊಂಡ ಆ ಸರಳತೆ ನಮ್ಮ ಸಭೆಗಳಿಗೆ ಬಂದರೆ ಅರ್ಧ ಕೆಲಸವಾದಂತೆ.

ಅಪಾಯಗಳನ್ನು ಮುಚ್ಚಿಡುವುದು ಬೇಡ. ಮೊದಲನೆಯದು, ದುಡ್ಡು ಕೈಗೆ ಬಂದ ಕೂಡಲೇ ವಿದ್ಯಾರ್ಥಿಗಳೂ ಮುಖ್ಯ ಅತಿಥಿಯನ್ನು ಹುಡುಕಲು ಹೊರಡಬಹುದು. ಕಂಡದ್ದನ್ನೇ ಕಲಿತವರು, ಮೊದಲ ಕೂಟಕ್ಕೇ ಉದ್ಘಾಟನೆ, ಎರಡನೆಯದಕ್ಕೆ ವಾರ್ಷಿಕೋತ್ಸವ. ಎರಡನೆಯದು, ಹಣ ಕೊಟ್ಟವರ ಸಮಾಜದವರೇ ಕೂಟದಲ್ಲಿ ತುಂಬಿಕೊಳ್ಳುವುದು. ಮುಂಬೈ ಕನ್ನಡಿಗರ ಸಂಸ್ಥೆಗಳ ಬಲವೂ ಮಿತಿಯೂ ಜಾತಿಯೇ ಎಂದು ಎಲ್ಲರಿಗೂ ಗೊತ್ತು, ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಮೂರನೆಯದೇ ದೊಡ್ಡದು. ಸಣ್ಣ ಅನುದಾನ ಕೊಟ್ಟು ದೊಡ್ಡ ಜವಾಬ್ದಾರಿಯಿಂದ ನುಣುಚಿಕೊಳ್ಳಲು ಆಡಳಿತಕ್ಕೆ ನೆಪ ಸಿಗುತ್ತದೆ. 2015ರ ಅಕ್ಟೋಬರಿನಲ್ಲಿ ಯುಜಿಸಿ, ಕೇಂದ್ರೀಯ ವಿಶ್ವವಿದ್ಯಾಲಯಗಳ, ನೆಟ್ ಪರೀಕ್ಷೆ ಪಾಸಾಗದ ಸಂಶೋಧಕರಿಗೆ ಕೊಡುತ್ತಿದ್ದ ತಿಂಗಳ 5,000 ಮತ್ತು 8,000 ರೂಪಾಯಿಗಳ ಫೆಲೋಶಿಪ್ಪನ್ನು ನಿಲ್ಲಿಸಲು ಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಯುಜಿಸಿ ಕಚೇರಿಯ ಮುಂದೆಯೇ ಠಿಕಾಣಿ ಹೂಡಿದರು. ಬಾಡಿಗೆ ಕಟ್ಟಲಾಗದವರಿಗೆ ವಡೆ ಕೊಟ್ಟು ‘ಒಡನಾಟ ಬೆಳೆಸಿಕೊಳ್ಳಿ’ ಎಂದರೆ ಅದು ಕುಚೋದ್ಯ. ನಾನು ಹೇಳುತ್ತಿರುವ ಹಣ ಫೆಲೋಶಿಪ್ಪಿನ ಜಾಗಕ್ಕೆ ಬರುವಂಥದ್ದಲ್ಲ. ಶಾಲಿನ ಜಾಗಕ್ಕೆ ಬರಬೇಕಾದದ್ದು.

ಲೆಕ್ಕಪತ್ರದ ಮಾತು ಕೊನೆಗೆ ಇಟ್ಟುಕೊಂಡೆ, ಎಲ್ಲ ಒಳ್ಳೆಯ ಯೋಜನೆಗಳೂ ಬಂದು ಬೀಳುವುದು ಅಲ್ಲಿಗೇ. ಇಂದಿನ ಪದ್ಧತಿಯಲ್ಲಿ ಶಾಲಿಗೆ ಜಿಎಸ್‌ಟಿ ಬಿಲ್ಲು ಸಿಗುತ್ತದೆ, ಬ್ಯಾನರಿಗೆ ಸಿಗುತ್ತದೆ, ಸ್ಮರಣಿಕೆಗೆ ಸಿಗುತ್ತದೆ. ಟಪರಿಯ ಚಹಾಕ್ಕೆ ಸಿಗುವುದಿಲ್ಲ, ರಿಕ್ಷಾಕ್ಕೆ ಸಿಗುವುದಿಲ್ಲ, ಮಗುವನ್ನು ನೋಡಿಕೊಂಡ ಪಕ್ಕದ ಮನೆಯಾಕೆಗೆ ಕೊಟ್ಟ ಇನ್ನೂರಕ್ಕಂತೂ ಯಾವ ವೋಚರೂ ಇಲ್ಲ. ಆಡಿಟರು ಒಪ್ಪುವ ಖರ್ಚಿನ ಕಡೆಗೆ ಹಣ ಹರಿಯುವುದು ಸಹಜ. ವಿಭಾಗದ ಮುಖ್ಯಸ್ಥರನ್ನು ದೂರಿ ಪ್ರಯೋಜನವಿಲ್ಲ. ಅವರು ಸಹಿ ಹಾಕಬೇಕಾದವರು, ನಾಳೆ ಉತ್ತರ ಹೇಳಬೇಕಾದವರು. ಬದಲಾಗಬೇಕಾದದ್ದು ದತ್ತಿಯ ಕರಾರು ಪತ್ರ. ದಾನಿ ಬರೆದುಕೊಟ್ಟದ್ದನ್ನು ಮೀರಲು ಬಾರದು ಎಂಬ ನಿಯಮ ಇಲ್ಲಿ ನಮ್ಮ ಕಡೆಗೇ ಇದೆ.

ಮಲಾಡಿನ ಯಾರೋ ಹೋಟೆಲಿನವರು ನಾಳೆ ಎರಡು ಲಕ್ಷ ಕೊಡಲು ಮನಸ್ಸು ಮಾಡಿದರೆ ಅವರ ಪತ್ರದಲ್ಲಿ ನಾಲ್ಕು ಸಾಲು ಸಾಕು. ಈ ಬಡ್ಡಿಯನ್ನು ಪ್ರತಿ ವರ್ಷ ಸಂಶೋಧನ ವಿದ್ಯಾರ್ಥಿಗಳೇ ತಮ್ಮೊಳಗೆ ಆರಿಸಿದ ಇಬ್ಬರ ಕೈಗೆ ಮುಂಗಡವಾಗಿ ಕೊಡಬೇಕು. ಅವರಲ್ಲಿ ಒಬ್ಬರಾದರೂ ಅರೆಕಾಲಿಕರಾಗಿರಬೇಕು. ಪ್ರಯಾಣ, ತಿಂಡಿ, ಝೆರಾಕ್ಸ್ ಮತ್ತು ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಅವರಿಬ್ಬರ ಸಹಿಯೇ ರಸೀದಿ. ಹಾರ, ಶಾಲು, ಸ್ಮರಣಿಕೆ, ಬ್ಯಾನರುಗಳಿಗೆ ಇದರಿಂದ ಒಂದು ರೂಪಾಯಿಯನ್ನೂ ತೆಗೆಯಕೂಡದು. ವರ್ಷದ ಕೊನೆಗೆ ಎರಡು ಪುಟದ ವರದಿ: ಯಾರ ಕರಡನ್ನು ಓದಿದರು, ಅದರಲ್ಲಿ ಏನು ಬದಲಾಯಿತು, ಯಾವ ಹಳೆಯ ಸಂಪುಟ ಸ್ಕ್ಯಾನ್ ಆಯಿತು.